ವೈಫೈ ಆಕ್ಸೆಸ್ ಪಾಯಿಂಟ್ ಸೆಕ್ಯೂರಿಟಿ ಸೆಟ್ಟಿಂಗ್ಸ್: ಯಾವುದನ್ನ ಮೊದಲು ಮಾಡ್ಬೇಕು, ಯಾವುದಕ್ಕೆ ಟೈಮ್ ವೇಸ್ಟ್ ಮಾಡ್ಬಾರ್ದು

ವೈಫೈಗೆ ಪಾಸ್‌ವರ್ಡ್ ಹಾಕಿದೀನಲ್ಲ, ಇನ್ನೇನ್ ಮಾಡ್ಬೇಕು ಅಂತ ಕೇಳೋರೇ ಜಾಸ್ತಿ. ಆ ಪಾಸ್‌ವರ್ಡ್ ನಿಮ್ಮ ಆಕ್ಸೆಸ್ ಪಾಯಿಂಟ್ (ಅಂದ್ರೆ ವೈಫೈ ಸಿಗ್ನಲ್ ಕೊಡೋ ಡಿವೈಸ್) ಒಳಗೆ ಬರೋಕಿರೋ ದಾರಿಗಳಲ್ಲಿ ಒಂದನ್ನ ಮಾತ್ರ ಕಾಯತ್ತೆ. ಸೆಟ್ಟಿಂಗ್ಸ್ ಪೇಜಿಗೆ ಹೋಗೋಕೆ ಬೇರೆ ಪಾಸ್‌ವರ್ಡ್ ಇದೆ, ಪಾಸ್‌ವರ್ಡ್ ಟೈಪ್ ಮಾಡ್ದೇ ಕನೆಕ್ಟ್ ಆಗೋಕೆ ಡಬ್ಲ್ಯೂಪಿಎಸ್ ಅಂತ ಒಂದು ಬಟನ್ನೂ ಒಂದು ಪಿನ್ನೂ ಇದೆ, ಹೊರಗಡೆಯಿಂದ ಇಂಟರ್ನೆಟ್ ಮೂಲಕ ಲಾಗಿನ್ ಆಗೋ ಆಪ್ಷನ್ ಇರತ್ತೆ, ಇವನ್ನೆಲ್ಲ ಬಾಕ್ಸಿಂದ ತೆಗೆದಾಗ ಹೇಗಿತ್ತೋ ಹಾಗೇ ಬಿಟ್ಟು ವೈಫೈ ಪಾಸ್‌ವರ್ಡ್ ಒಂದನ್ನ ಮಾತ್ರ ಗಟ್ಟಿ ಮಾಡಿದ್ರೆ ಪ್ರಯೋಜನ ಅರ್ಧಕ್ಕರ್ಧ ಹೋಯ್ತು ಅಂತಾನೇ ಲೆಕ್ಕ. ಅದಕ್ಕೆ ಇಲ್ಲಿ ನಾನು ಯಾವ ಆರ್ಡರಲ್ಲಿ ಮಾಡ್ತೀನೋ ಅದೇ ಆರ್ಡರಲ್ಲಿ ಬರೀತಾ ಇದೀನಿ. ಆರ್ಡರ್ ಮುಖ್ಯ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಮೊದಲು ಒಂದು ಮಾತು. ಇಂಟರ್ನೆಟ್ ಕನೆಕ್ಷನ್ ಜೊತೆ ಬರೋ ಬಾಕ್ಸಲ್ಲಿ ಸಾಮಾನ್ಯವಾಗಿ ರೂಟರ್ರೂ ಆಕ್ಸೆಸ್ ಪಾಯಿಂಟೂ ಎರಡೂ ಒಂದರಲ್ಲೇ ಇರತ್ತೆ. ಸೀಲಿಂಗಿಗೆ ಹಾಕೋ ತಟ್ಟೆ ಥರದ್ದು ಬರೀ ಆಕ್ಸೆಸ್ ಪಾಯಿಂಟ್. ಅದು ಐಪಿ ಅಡ್ರೆಸ್ಸನ್ನ ರೂಟರ್ ಹತ್ರ ಇಸ್ಕೊಳತ್ತೆ. ಕೆಳಗಿರೋದು ಎರಡಕ್ಕೂ ನಡೆಯತ್ತೆ, ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಹೇಳ್ತೀನಿ. ಮೆನು ಹೆಸರುಗಳು ಕಂಪನಿಯಿಂದ ಕಂಪನಿಗೆ ಬೇರೆ ಇರತ್ತೆ, ಒಳಗಿರೋ ವಿಷಯ ಒಂದೇ.

ಶುರು ಮಾಡೋ ಮುಂಚೆ

ಕೇಬಲ್ ಹಾಕ್ಕೊಂಡು ಕೂತ್ಕೊಳ್ಳಿ. ವೈಫೈಲೇ ಕನೆಕ್ಟ್ ಆಗಿ ವೈಫೈ ಸೆಟ್ಟಿಂಗ್ ಬದಲಾಯಿಸೋದು ಅಂದ್ರೆ ಕೂತಿರೋ ಕೊಂಬೆನೇ ಕಡಿದ ಹಾಗೆ, ಸೇವ್ ಒತ್ತಿದ ತಕ್ಷಣ ಕನೆಕ್ಷನ್ ಕಟ್ ಆಗತ್ತೆ, ಟೈಪ್ ಮಾಡುವಾಗ ಒಂದಕ್ಷರ ತಪ್ಪಿದ್ರೆ ವಾಪಸ್ ಹೋಗೋ ದಾರಿ ಇರಲ್ಲ. ಲ್ಯಾಪ್‌ಟಾಪಲ್ಲಿ ಲ್ಯಾನ್ ಪೋರ್ಟ್ ಇಲ್ಲ ಅಂದ್ರೆ ಯುಎಸ್‌ಬಿ ಅಡಾಪ್ಟರ್ ಸಿಗತ್ತೆ, ಯಾರತ್ರನಾದ್ರೂ ಒಂದಿನಕ್ಕೆ ಇಸ್ಕೊಳ್ಳಿ.

ಸೆಟ್ಟಿಂಗ್ಸ್ ಪೇಜಿನ ಅಡ್ರೆಸ್ ಡಿವೈಸ್ ತಳದಲ್ಲಿರೋ ಸ್ಟಿಕರಲ್ಲಿ ಬರ್ದಿರತ್ತೆ, 192.168.0.1 ಅಥವಾ 192.168.1.1 ಥರ. ಇಲ್ಲ ಅಂದ್ರೆ ಕಂಪ್ಯೂಟರಿನ ನೆಟ್‌ವರ್ಕ್ ಡೀಟೇಲ್ಸಲ್ಲಿ ಡಿಫಾಲ್ಟ್ ಗೇಟ್‌ವೇ ಅಂತ ಕಾಣೋದೇ ರೂಟರಿನ ಅಡ್ರೆಸ್. ಬರೀ ಆಕ್ಸೆಸ್ ಪಾಯಿಂಟ್ ಆದ್ರೆ ರೂಟರ್ ಒಳಗೆ ಹೋಗಿ ಕನೆಕ್ಟೆಡ್ ಡಿವೈಸ್ ಲಿಸ್ಟಲ್ಲಿ ಅದರ ಅಡ್ರೆಸ್ ಹುಡುಕಿ.

ಡಿವೈಸ್ ಸೆಕೆಂಡ್ ಹ್ಯಾಂಡ್ ಆಗಿದ್ರೆ, ಅಥವಾ ಮುಂಚೆ ಯಾರು ಏನ್ ಸೆಟ್ ಮಾಡಿದಾರೆ ಅಂತ ಗೊತ್ತಿಲ್ಲದೆ ಇದ್ರೆ, ಯೋಚನೆನೇ ಬೇಡ, ರೀಸೆಟ್ ಮಾಡ್ಬಿಡಿ. ಹಿಂದೆ ಸೂಜಿ ತೂತಿನಷ್ಟು ಸಣ್ಣ ಬಟನ್ ಇರತ್ತೆ, ಪಿನ್ನಲ್ಲಿ ಒಂದ್ ಹತ್ತು ಸೆಕೆಂಡ್ ಒತ್ತಿ ಹಿಡ್ಕೊಂಡ್ರೆ ಲೈಟೆಲ್ಲ ಒಮ್ಮೆ ಆರಿ ಹತ್ತತ್ತೆ. ಆದ್ರೆ ಇಂಟರ್ನೆಟ್ ಕನೆಕ್ಷನ್ನಿಗೆ ಯೂಸರ್‌ನೇಮ್ ಪಾಸ್‌ವರ್ಡ್ ಬೇಕಿದ್ರೆ ಅದನ್ನ ಮೊದಲೇ ಬರ್ದಿಟ್ಕೊಳ್ಳಿ, ರೀಸೆಟ್ ಆದ್ಮೇಲೆ ಅದೂ ಅಳಿಸಿ ಹೋಗಿರತ್ತೆ.

ಅಡ್ಮಿನ್ ಪಾಸ್‌ವರ್ಡ್, ಎಲ್ಲಕ್ಕಿಂತ ಮುಂಚೆ

ಲಾಗಿನ್ ಆದ ಕೂಡ್ಲೇ ಮಾಡ್ಬೇಕಾದ ಮೊದಲ್ನೇ ಕೆಲಸ ಇದು. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಕ್ಯಾಮೆರಾ ರೂಟರ್ ಅಂತ ಲಕ್ಷಗಟ್ಟಲೆ ಡಿವೈಸ್‌ಗಳನ್ನ ಹಿಡಿದು, ಅದೇ ವರ್ಷ ಅಕ್ಟೋಬರ್ 21ಕ್ಕೆ ಡೈನ್ ಅನ್ನೋ ಡಿಎನ್‌ಎಸ್ (ಸೈಟಿನ ಹೆಸರಿಗೆ ಅದರ ಐಪಿ ಅಡ್ರೆಸ್ ಹುಡುಕಿ ಕೊಡೋ) ಕಂಪನಿ ಮೇಲೆ ಬಿಟ್ಟಿದ್ರು. ದೊಡ್ಡ ದೊಡ್ಡ ಸೈಟುಗಳೇ ತುಂಬಾ ಹೊತ್ತು ಓಪನ್ ಆಗ್ಲಿಲ್ಲ. ಅದರ ಒಳಗೆ ಏನ್ ದೊಡ್ಡ ವಿದ್ಯೆ ಇತ್ತು ಅಂದ್ಕೊಂಡ್ರಿ? ಕಂಪನಿಯವ್ರು ಹಾಕಿ ಕಳ್ಸೋ ಅಡ್ಮಿನ್-ಅಡ್ಮಿನ್, ರೂಟ್-ರೂಟ್ ಥರದ ಸುಮಾರು ಅರವತ್ತು ಜೋಡಿ ಇರೋ ಒಂದು ಲಿಸ್ಟ್, ಅಷ್ಟೇ. ಒಂದೊಂದೇ ಹಾಕಿ ನೋಡ್ತಾ ಹೋಗ್ತಿತ್ತು, ಯಾರು ಬದಲಾಯಿಸಿಲ್ವೋ ಅಲ್ಲಿ ಬಾಗಿಲು ತೆಗೀತಿತ್ತು.

ಸಿಸ್ಟಮ್ ಅಥವಾ ಅಡ್ಮಿನಿಸ್ಟ್ರೇಷನ್ ಅಂತಿರೋ ಕಡೆ ಹೋಗಿ ಪಾಸ್‌ವರ್ಡ್ ಬದಲಾಯಿಸಿ, ಯೂಸರ್‌ನೇಮ್ ಬದಲಾಯಿಸೋಕೆ ಬಿಟ್ರೆ ಅದನ್ನೂ ಬದಲಾಯಿಸಿ. ವೈಫೈ ಪಾಸ್‌ವರ್ಡನ್ನೇ ಇಲ್ಲೂ ಹಾಕ್ಬೇಡಿ. ವೈಫೈ ಪಾಸ್‌ವರ್ಡ್ ಬಂದೋರಿಗೆಲ್ಲ ಹೇಳ್ತೀರ, ಅದೇ ಇಲ್ಲೂ ಇದ್ರೆ ಬಂದೋರೆಲ್ಲರಿಗೂ ಪೂರ್ತಿ ಡಿವೈಸ್ ಕೊಟ್ಟ ಹಾಗೆ. ಇದನ್ನ ನೆನಪಿಟ್ಕೊಳ್ಳೋ ಅವಶ್ಯಕತೆನೂ ಇಲ್ಲ, ವರ್ಷಕ್ಕೆ ಎರಡು ಮೂರ್ ಸಲ ಬೇಕಾಗೋದು, ಪಾಸ್‌ವರ್ಡ್ ಮ್ಯಾನೇಜರಿಗೆ ಹೇಳಿ ಉದ್ದದ್ದೊಂದು ಮಾಡಿಸಿ ಅಲ್ಲೇ ಸೇವ್ ಮಾಡಿ.

ಫರ್ಮ್‌ವೇರ್

ಫರ್ಮ್‌ವೇರ್ ಅಂದ್ರೆ ಡಿವೈಸ್ ಒಳಗೆ ಓಡೋ ಸಾಫ್ಟ್‌ವೇರ್. ಎರಡನೇದಾಗಿ ಇದರ ಅಪ್‌ಡೇಟ್ ಯಾಕೆ ಮಾಡ್ಬೇಕು ಅಂದ್ರೆ, ಅಪ್‌ಡೇಟ್ ಆದ್ಮೇಲೆ ಕೆಲವು ಸಲ ಹೊಸ ಆಪ್ಷನ್‌ಗಳು ಬರತ್ವೆ. ಡಬ್ಲ್ಯೂಪಿಎ3 (ವೈಫೈ ಸೆಕ್ಯೂರಿಟಿಯ ಹೊಸ ವಿಧಾನ, ಮುಂದೆ ಹೇಳ್ತೀನಿ) ಇಲ್ದೇ ಇದ್ದ ಎಷ್ಟೋ ಡಿವೈಸಿಗೆ ಅದು ಬಂದಿದ್ದೇ ಅಪ್‌ಡೇಟಲ್ಲಿ. ಕೆಲವು ಸಲ ಹಳೇ ಸೆಟ್ಟಿಂಗ್ ಡಿಫಾಲ್ಟಿಗೆ ವಾಪಸ್ ಹೋಗೋದೂ ಉಂಟು. ಎಲ್ಲಾ ಸೆಟ್ ಮಾಡಿ ಕೊನೆಗೆ ಅಪ್‌ಡೇಟ್ ಮಾಡಿದ್ರೆ ಮತ್ತೆ ಮೊದಲಿಂದ ನೋಡ್ಬೇಕಾಗತ್ತೆ.

ಅಪ್‌ಡೇಟ್ ಅಂದ್ರೆ ಸ್ಪೀಡಿಗೋಸ್ಕರ ಅಂತ ತುಂಬಾ ಜನ ಅಂದ್ಕೊಂಡಿದಾರೆ. 2017ರ ಅಕ್ಟೋಬರಲ್ಲಿ ಮ್ಯಾಥಿ ವಾನ್‌ಹೂಫ್ ಅನ್ನೋ ಸಂಶೋಧಕರು ಕ್ರ್ಯಾಕ್ ಅನ್ನೋ ದಾಳಿಯನ್ನ ಹೊರಗೆ ತಂದ್ರು. ಅದಕ್ಕೂ ಹಿಂದಿನ ವಿಧಾನವಾದ ಡಬ್ಲ್ಯೂಪಿಎ2ರ ಹ್ಯಾಂಡ್‌ಶೇಕಲ್ಲೇ, ಅಂದ್ರೆ ಫೋನೂ ಆಕ್ಸೆಸ್ ಪಾಯಿಂಟೂ ಕನೆಕ್ಟ್ ಆಗುವಾಗ ನಡೆಸೋ ಮಾತುಕತೆಯಲ್ಲೇ, ದೋಷ ಇತ್ತು, ಪಾಸ್‌ವರ್ಡ್ ಎಷ್ಟೇ ಉದ್ದ ಇದ್ರೂ ಉಪಯೋಗ ಇರ್ಲಿಲ್ಲ, ಅಪ್‌ಡೇಟ್ ಒಂದೇ ದಾರಿ. 2021ರಲ್ಲಿ ಅವ್ರೇ ಫ್ರ್ಯಾಗ್‌ಅಟ್ಯಾಕ್ಸ್ ಅಂತ ಇನ್ನೊಂದು ಗುಂಪು ದೋಷ ತೋರಿಸಿದ್ರು, ಅದರಲ್ಲಿ ಕೆಲವು 1997ರಲ್ಲಿ ವೈಫೈ ಶುರುವಾದಾಗಿಂದ ಹಾಗೇ ಇದ್ವು. ಆದ್ರಿಂದ ಆಕ್ಸೆಸ್ ಪಾಯಿಂಟ್ ಮಾತ್ರ ಅಲ್ಲ, ಫೋನು ಲ್ಯಾಪ್‌ಟಾಪಿಗೂ ಅಪ್‌ಡೇಟ್ ಹಾಕ್ಬೇಕು.

ಆಟೋ ಅಪ್‌ಡೇಟ್ ಇದ್ರೆ ಆನ್ ಮಾಡಿ. ಇಲ್ದಿದ್ರೆ ಕಂಪನಿ ಸೈಟಿಂದಾನೇ ಫೈಲ್ ಇಳಿಸ್ಕೊಳ್ಳಿ, ಮಾಡೆಲ್ ನಂಬರ್ ಜೊತೆಗೆ ಹಾರ್ಡ್‌ವೇರ್ ವರ್ಷನ್ನೂ ನೋಡಿ, ಒಂದೇ ಮಾಡೆಲಿನ ವಿ1ಗೆ ಬೇರೆ ವಿ2ಗೆ ಬೇರೆ ಫೈಲ್ ಇರತ್ತೆ. ಹಾಕ್ತಾ ಇರುವಾಗ ಕರೆಂಟ್ ಹೋಗ್ಬಾರ್ದು, ಪ್ಲಗ್ ಮುಟ್ಬೇಡಿ. ಕಂಪನಿಯವ್ರು ಈ ಮಾಡೆಲಿಗೆ ಇನ್ಮೇಲೆ ಅಪ್‌ಡೇಟ್ ಕೊಡಲ್ಲ ಅಂತ ಹೇಳಿದ್ರೆ ಆ ಡಿವೈಸ್ ಬದಲಾಯಿಸೋದೇ ಸರಿ. ಚೆನ್ನಾಗೇ ಓಡ್ತಾ ಇದೆಯಲ್ಲ ಅಂತ ಅನ್ಸತ್ತೆ, ನಂಗೂ ಬೇಜಾರಾಗತ್ತೆ, ಆದ್ರೆ ಹೊಸ ತೂತು ಗೊತ್ತಾದಾಗ ಮುಚ್ಚೋರು ಯಾರೂ ಇಲ್ಲ.

ಸೆಕ್ಯೂರಿಟಿ ಮೋಡ್ ಆರಿಸೋದು

ವೈರ್‌ಲೆಸ್ ಸೆಕ್ಯೂರಿಟಿ ಅಂತಿರೋ ಕಡೆ ಒಂದು ಉದ್ದ ಲಿಸ್ಟ್ ಬರತ್ತೆ, ಅಲ್ಲೇ ಜನ ಗೊಂದಲಕ್ಕೆ ಬೀಳೋದು. ವೆಪ್ ಅನ್ನೋದನ್ನ ಮುಟ್ಟಲೇಬೇಡಿ, 2001ರಲ್ಲೇ ಅದನ್ನ ಹೇಗೆ ಒಡೀಬಹುದು ಅಂತ ಪೇಪರ್ ಬಂದಿದೆ, 2007ರ ಹೊತ್ತಿಗೆ ಒಂದು ನಿಮಿಷದೊಳಗೆ ಕೀ ತೆಗೀಬಹುದು ಅಂತ ತೋರಿಸಿ ಆಗಿದೆ. ಡಬ್ಲ್ಯೂಪಿಎ ಅಂತ ಮಾತ್ರ ಇರೋದು 2003ರಲ್ಲಿ ಅದಕ್ಕೆ ಹಾಕಿದ ತೇಪೆ, ಒಳಗೆ ಟಿಕೆಐಪಿ ಅನ್ನೋ ಹಳೇ ಎನ್‌ಕ್ರಿಪ್ಷನ್ ಇರತ್ತೆ, ಅದೂ ಬೇಡ. 2004ರಲ್ಲಿ ಬಂದ ಡಬ್ಲ್ಯೂಪಿಎ2 ಎಇಎಸ್ ಅನ್ನೋ ಗಟ್ಟಿ ಎನ್‌ಕ್ರಿಪ್ಷನ್ ಜೊತೆಗೆ ಇದ್ರೆ ಇವತ್ತಿಗೂ ಪರ್ವಾಗಿಲ್ಲ. 2018ರಲ್ಲಿ ಬಂದ ಡಬ್ಲ್ಯೂಪಿಎ3 ಇದ್ರೆ ಅದನ್ನೇ ಹಾಕಿ.

ಡಬ್ಲ್ಯೂಪಿಎ2ನಲ್ಲಿ ಟಿಕೆಐಪಿ ಪ್ಲಸ್ ಎಇಎಸ್ ಅಂತ ಒಂದು ಆಪ್ಷನ್ ಇರತ್ತೆ, ಎರಡೂ ಇದ್ರೆ ಒಳ್ಳೇದಲ್ವಾ ಅಂತ ಅದನ್ನ ಆರಿಸೋರಿದಾರೆ. ಬೇಡ. ಎಇಎಸ್ ಅಥವಾ ಸಿಸಿಎಂಪಿ ಅಂತ ಮಾತ್ರ ಇರೋದನ್ನ ಹಾಕಿ. ಅಂದಹಾಗೆ ಟಿಕೆಐಪಿ ಮೇಲೆ ಕನೆಕ್ಟ್ ಆದ ಡಿವೈಸಿಗೆ 54 ಎಂಬಿಪಿಎಸ್‌ಗಿಂತ ಜಾಸ್ತಿ ಸ್ಪೀಡ್ ಸಿಗಲ್ಲ. ಹೊಸ ಆಕ್ಸೆಸ್ ಪಾಯಿಂಟ್ ತಂದ್ರೂ ನೆಟ್ ಸ್ಲೋ ಅನ್ನೋರು ಒಂದ್ಸಲ ಇಲ್ಲಿ ನೋಡಿ.

ಡಬ್ಲ್ಯೂಪಿಎ2ಗೂ 3ಕ್ಕೂ ಮುಖ್ಯ ವ್ಯತ್ಯಾಸ ಏನು ಅಂದ್ರೆ, 2ರಲ್ಲಿ ಒಂದು ಫೋನ್ ಕನೆಕ್ಟ್ ಆಗುವಾಗ ನಡೆಯೋ ನಾಲ್ಕು ಮೆಸೇಜಿನ ಹ್ಯಾಂಡ್‌ಶೇಕನ್ನ ಯಾರಾದ್ರೂ ಹೊರಗೆ ಕೂತು ರೆಕಾರ್ಡ್ ಮಾಡ್ಕೊಂಡ್ರೆ ಸಾಕು, ಆಮೇಲೆ ಅವ್ರ ಕಂಪ್ಯೂಟರಲ್ಲಿ ಆರಾಮಾಗಿ ಎಷ್ಟು ಪಾಸ್‌ವರ್ಡ್ ಬೇಕಾದ್ರೂ ಹಾಕಿ ನೋಡ್ಬಹುದು, ನಿಮಗೆ ಗೊತ್ತೇ ಆಗಲ್ಲ. 3ರಲ್ಲಿ ಹಾಗಾಗಲ್ಲ, ಒಂದೊಂದು ಊಹೆಗೂ ನಿಮ್ಮ ಆಕ್ಸೆಸ್ ಪಾಯಿಂಟ್ ಹತ್ರಾನೇ ಬಂದು ಕೇಳ್ಬೇಕು. ಇನ್ನೊಂದು, ಪಾಸ್‌ವರ್ಡ್ ಮುಂದೆ ಯಾವತ್ತೋ ಸಿಕ್ಕಿದ್ರೂ ಹಿಂದೆ ರೆಕಾರ್ಡ್ ಮಾಡಿಟ್ಟ ಟ್ರಾಫಿಕ್ ಬಿಚ್ಚೋಕಾಗಲ್ಲ.

ಎಲ್ಲಾ ಡಿವೈಸ್‌ಗಳೂ 3 ಸಪೋರ್ಟ್ ಮಾಡಲ್ಲ, ಹಳೇ ಪ್ರಿಂಟರ್ರು ಟಿವಿ ಕೈಕೊಡತ್ವೆ. ಅದಕ್ಕೆ ಡಬ್ಲ್ಯೂಪಿಎ2/ಡಬ್ಲ್ಯೂಪಿಎ3 ಮಿಕ್ಸೆಡ್ ಅಥವಾ ಟ್ರಾನ್ಸಿಷನ್ ಅಂತ ಮೋಡ್ ಇದೆ. ಅದನ್ನ ಹಾಕಿದ್ರೆ ತಪ್ಪೇನಿಲ್ಲ, ಆದ್ರೆ ಪಾಸ್‌ವರ್ಡ್ ಎರಡಕ್ಕೂ ಒಂದೇ ಆಗಿರೋದ್ರಿಂದ 2ರ ಹ್ಯಾಂಡ್‌ಶೇಕ್ ಹಿಡಿದು ಊಹೆ ಮಾಡೋ ದಾರಿ ಹಾಗೇ ಉಳ್ಕೊಂಡಿರತ್ತೆ. ನಾನು ಮಾಡೋದು ಹೀಗೆ: ಮುಖ್ಯ ನೆಟ್‌ವರ್ಕ್ ಬರೀ ಡಬ್ಲ್ಯೂಪಿಎ3, ಹಳೇ ಸಾಮಾನಿಗೆಲ್ಲ ಬೇರೆ ಹೆಸರು ಬೇರೆ ಪಾಸ್‌ವರ್ಡಿನ ಡಬ್ಲ್ಯೂಪಿಎ2 ನೆಟ್‌ವರ್ಕ್.

ಪಾಸ್‌ವರ್ಡ್ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದ್ರೆ ಡಬ್ಲ್ಯೂಪಿಎ2 ಇರೋ ಕಡೆ ಎಲ್ಲಾ ನಿಂತಿರೋದು ಇದರ ಮೇಲೇನೇ. ನೀವು ಹಾಕೋ 8ರಿಂದ 63 ಅಕ್ಷರದ ಪಾಸ್‌ವರ್ಡನ್ನ ನೆಟ್‌ವರ್ಕ್ ಹೆಸರಿನ ಜೊತೆ ಸೇರಿಸಿ 4096 ಸಲ ಅರೆದು ಕೀ ಮಾಡತ್ತೆ. ಅಷ್ಟು ಸಲ ಅರೆಯೋದು ಊಹೆ ಮಾಡೋರಿಗೆ ನಿಧಾನ ಆಗ್ಲಿ ಅಂತ. ಆದ್ರೆ ಈಗಿನ ಒಂದು ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಲಕ್ಷ ಪಾಸ್‌ವರ್ಡ್ ಹಾಕಿ ನೋಡತ್ತೆ. 8 ಅಂಕಿ ಇರೋ ಪಾಸ್‌ವರ್ಡ್, ಹುಟ್ಟಿದ ತಾರೀಖು ಅಂತಿಟ್ಕೊಳ್ಳಿ, ಒಟ್ಟು 10 ಕೋಟಿ ಸಾಧ್ಯತೆ, 100 ಸೆಕೆಂಡಲ್ಲಿ ಎಲ್ಲಾ ಮುಗೀತು. 10 ಅಂಕಿಯ ಫೋನ್ ನಂಬರ್ ಹಾಕಿದೀನಿ ಅಂತೀರ, 1000 ಕೋಟಿ ಸಾಧ್ಯತೆ, ಮೂರು ಗಂಟೆನೂ ಬೇಕಾಗಲ್ಲ.

ಅದೇ 7776 ಪದಗಳ ಒಂದು ಲಿಸ್ಟಿಂದ ದಾಳ ಹಾಕಿ ಐದು ಪದ ಎತ್ತಿ ಒಂದರ ಪಕ್ಕ ಒಂದು ಇಟ್ರೆ, ಅದೇ ಸ್ಪೀಡಲ್ಲಿ ಎಲ್ಲಾ ಹಾಕಿ ನೋಡೋಕೆ ಲಕ್ಷಗಟ್ಟಲೆ ವರ್ಷ ಬೇಕು. ಜೊತೆಗೆ ಬಾಯಲ್ಲಿ ಹೇಳೋಕೂ ಸುಲಭ. ಲಿಸ್ಟ್ ಇಲ್ದಿದ್ರೆ ಒಂದು ದಪ್ಪ ನಿಘಂಟು ತಗೊಂಡು ಕಣ್ಮುಚ್ಚಿ ಐದಾರು ಕಡೆ ಬೆರಳಿಡಿ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೀಬಹುದು, ಕನ್ನಡ ಲಿಪಿಯಲ್ಲಿ ಹಾಕಿದ್ರೆ ಸುಮಾರು ಡಿವೈಸ್‌ಗಳು ತಗೊಳಲ್ಲ. ಆದ್ರೆ ಒಂದು ತೊಂದ್ರೆ ಇದೆ, ಬಾಗಿಲು ಅಂತ ಬರೆಯೋಕೆ ಒಬ್ರು ಒಂದು ಎ ಹಾಕ್ತಾರೆ ಇನ್ನೊಬ್ರು ಎರಡು ಎ ಹಾಕ್ತಾರೆ, ನವಿಲಿಗೆ ವಿ ನಾ ಡಬ್ಲ್ಯೂ ನಾ ಅಂತ ಜಗಳ ಬರತ್ತೆ, ಅದಕ್ಕೆ ಹೇಗೆ ಟೈಪ್ ಮಾಡಿದ್ರೋ ಅಕ್ಷರಕ್ಕಕ್ಷರ ಒಂದು ಚೀಟಿಯಲ್ಲಿ ಬರ್ದು ಬೀರು ಒಳಗಿಡಿ. ಗಾದೆ, ಹಾಡಿನ ಸಾಲು, ದೇವ್ರ ಹೆಸರು ಬೇಡ. ಪದಗಳು ನಿಮ್ಮ ತಲೆಯಿಂದ ಬರ್ಬಾರ್ದು, ದಾಳದಿಂದ ಬರ್ಬೇಕು, ಅಷ್ಟೇ.

ನೆಟ್‌ವರ್ಕ್ ಹೆಸರು ಲೆಕ್ಕದಲ್ಲಿ ಸೇರತ್ತೆ ಅಂದ್ನಲ್ಲ, ಅದಕ್ಕೆ ಕಂಪನಿಯ ಡಿಫಾಲ್ಟ್ ಹೆಸರನ್ನ ಬಿಡ್ಬೇಡಿ, ಸಾಮಾನ್ಯ ಹೆಸರುಗಳಿಗೆ ಮೊದಲೇ ಲೆಕ್ಕ ಹಾಕಿಟ್ಟಿರೋ ಟೇಬಲ್‌ಗಳಿವೆ. ಹೆಸರಲ್ಲಿ ನಿಮ್ಮ ಹೆಸರು, ಮನೆ ನಂಬರ್, ಡಿವೈಸ್ ಮಾಡೆಲ್ ಯಾವುದೂ ಬೇಡ.

ಡಬ್ಲ್ಯೂಪಿಎಸ್ ಆಫ್ ಮಾಡಿ

ಕೋಟೆ ಎಷ್ಟು ಗಟ್ಟಿ ಇದ್ರೂ ದಿಡ್ಡಿ ಬಾಗಿಲು ತೆಗೆದಿಟ್ಟ ಹಾಗೆ ಇದು. ಡಿವೈಸ್ ತಳದ ಸ್ಟಿಕರಲ್ಲಿ 8 ಅಂಕಿಯ ಒಂದು ಪಿನ್ ನೋಡಿರ್ತೀರ. 8 ಅಂಕಿ ಅಂದ್ರೆ 10 ಕೋಟಿ ಇರ್ಬೇಕಲ್ವಾ? ಆದ್ರೆ ಅದನ್ನ ಪರೀಕ್ಷೆ ಮಾಡೋ ರೀತಿನೇ ತಪ್ಪು. ಮೊದಲ ನಾಲ್ಕು ಅಂಕಿ ಸರಿ ಇದ್ಯಾ ಇಲ್ವಾ ಅಂತ ಮೊದಲು ಹೇಳ್ಬಿಡತ್ತೆ, ಅದು 10,000 ಸಾಧ್ಯತೆ. ಉಳಿದ ನಾಲ್ಕರಲ್ಲಿ ಕೊನೇದು ಬರೀ ಚೆಕ್‌ಸಮ್ (ಮುಂಚಿನ ಅಂಕಿಗಳಿಂದಲೇ ಲೆಕ್ಕ ಹಾಕಿ ಬರೋದು), ಅಂದ್ರೆ ಮೂರೇ ಅಂಕಿ, 1,000 ಸಾಧ್ಯತೆ. ಒಟ್ಟು 11,000 ಸಲ ಪ್ರಯತ್ನ ಪಟ್ರೆ ಮುಗೀತು. ಪಿನ್ ಸಿಕ್ತು ಅಂದ್ರೆ ಡಿವೈಸೇ ವೈಫೈ ಪಾಸ್‌ವರ್ಡನ್ನ ಪೂರ್ತಿ ಕೊಡತ್ತೆ, ನೀವು ದಾಳ ಹಾಕಿ ಮಾಡಿದ ಐದು ಪದನೂ ಸೇರಿ. 2011ರ ಕೊನೇಲಿ ಸ್ಟೆಫಾನ್ ಫೀಬ್ಯೋಕ್ ಅನ್ನೋರು ಇದನ್ನ ಹೊರಗೆ ಹಾಕಿದ್ರು.

ಡಬ್ಲ್ಯೂಪಿಎಸ್ ಪೂರ್ತಿ ಆಫ್ ಮಾಡಿ, ಪಿನ್ ಮಾತ್ರ ಅಲ್ಲ ಬಟನ್ನೂ. ಕೆಲವು ಹಳೇ ಡಿವೈಸಲ್ಲಿ ಸೆಟ್ಟಿಂಗಲ್ಲಿ ಆಫ್ ಮಾಡಿದ್ರೂ ಒಳಗಡೆ ಆನೇ ಇರ್ತಿತ್ತು. ಅದಕ್ಕೆ ಆಫ್ ಮಾಡಿದ್ಮೇಲೆ ಫೋನಲ್ಲಿ ಒಂದು ವೈಫೈ ಸ್ಕ್ಯಾನರ್ ಆಪ್ ಹಾಕಿ ನಿಮ್ಮ ನೆಟ್‌ವರ್ಕ್ ಮುಂದೆ ಡಬ್ಲ್ಯೂಪಿಎಸ್ ಅಂತ ಇನ್ನೂ ಕಾಣತ್ತಾ ನೋಡಿ. ಕಂಡ್ರೆ ಮತ್ತೆ ಫರ್ಮ್‌ವೇರ್ ಹುಡುಕ್ಬೇಕು, ಸಿಗ್ಲಿಲ್ಲ ಅಂದ್ರೆ ಡಿವೈಸ್ ಬದಲಾಯಿಸ್ಬೇಕು.

ಪಿಎಂಎಫ್

ಇದರ ಕಡೆ ಯಾರೂ ಕಣ್ಣೆತ್ತಿ ನೋಡಲ್ಲ. ಪ್ರೊಟೆಕ್ಟೆಡ್ ಮ್ಯಾನೇಜ್‌ಮೆಂಟ್ ಫ್ರೇಮ್ಸ್ ಅಥವಾ 802.11ಡಬ್ಲ್ಯೂ ಅಂತ ಇರತ್ತೆ. ಇದಿಲ್ದಿದ್ರೆ ಯಾರು ಬೇಕಾದ್ರೂ ನಿಮ್ಮ ಆಕ್ಸೆಸ್ ಪಾಯಿಂಟ್ ಹೆಸರಲ್ಲಿ ನಿಮ್ಮ ಫೋನಿಗೆ ಡಿಸ್‌ಕನೆಕ್ಟ್ ಆಗು ಅಂತ ಸುಳ್ಳು ಮೆಸೇಜ್ ಕಳಿಸ್ಬಹುದು, ಫೋನ್ ನಂಬಿ ಬಿಟ್ಟು ಮತ್ತೆ ಕನೆಕ್ಟ್ ಆಗತ್ತೆ, ಆಗ ಮೇಲೆ ಹೇಳಿದ ಹ್ಯಾಂಡ್‌ಶೇಕ್ ರೆಕಾರ್ಡ್ ಮಾಡ್ಕೊಳ್ತಾರೆ. ಡಬ್ಲ್ಯೂಪಿಎ3ನಲ್ಲಿ ಇದು ಕಡ್ಡಾಯ. ಡಬ್ಲ್ಯೂಪಿಎ2 ಇದ್ರೆ ಆಪ್ಷನಲ್ ಅಥವಾ ಕೇಪಬಲ್ ಅಂತ ಇಡಿ, ಎಲ್ಲಾ ಡಿವೈಸೂ ಸರಿಯಾಗಿ ಕನೆಕ್ಟ್ ಆದ್ರೆ ರಿಕ್ವೈರ್ಡ್ ಮಾಡಿ.

ಗೆಸ್ಟ್ ನೆಟ್‌ವರ್ಕ್, ಅದನ್ನ ಪರೀಕ್ಷೆ ಮಾಡೋದು

ಬಂದು ಹೋಗೋರಿಗೆ, ಸ್ಮಾರ್ಟ್ ಬಲ್ಬು, ಕ್ಯಾಮೆರಾ, ಟಿವಿಗೆ ಬೇರೆ ನೆಟ್‌ವರ್ಕ್ ಕೊಡಿ. ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ, ಲೋಕಲ್ ನೆಟ್‌ವರ್ಕಿಗೆ ಆಕ್ಸೆಸ್ ಕೊಡು ಅಂತಿರೋ ಟಿಕ್ ತೆಗೀರಿ, ಕ್ಲೈಂಟ್ ಐಸೋಲೇಷನ್ ಅಥವಾ ಎಪಿ ಐಸೋಲೇಷನ್ ಅಂತಿದ್ರೆ ಆನ್ ಮಾಡಿ. ಗೆಸ್ಟಿಗೂ ಪಾಸ್‌ವರ್ಡ್ ಬೇಕು, ಓಪನ್ ಬಿಡ್ಬೇಡಿ.

ಆನ್ ಮಾಡಿದ್ರೆ ಸಾಲಲ್ಲ, ಪರೀಕ್ಷೆ ಮಾಡ್ಲೇಬೇಕು. ಪರಿಚಯದವ್ರ ಒಂದು ಸಣ್ಣ ಆಫೀಸಲ್ಲಿ ನಂಗೆ ಗೆಸ್ಟ್ ವೈಫೈ ಕೊಟ್ರು, ಕನೆಕ್ಟ್ ಆಗಿ ಲ್ಯಾಪ್‌ಟಾಪ್ ತೆಗೆದ್ರೆ ನೆಟ್‌ವರ್ಕ್ ಅಂತಿರೋ ಕಡೆ ಅವ್ರ ಅಕೌಂಟ್ಸ್ ಕಂಪ್ಯೂಟರ್ ಹೆಸರು ಕಾಣ್ತಾ ಇತ್ತು, ಕ್ಲಿಕ್ ಮಾಡಿದ್ರೆ ಪಾಸ್‌ವರ್ಡೂ ಕೇಳ್ದೇ ಫೋಲ್ಡರ್‌ಗಳು, ತಿಂಗಳ ಪ್ರಕಾರ, ಸಂಬಳದ ಶೀಟ್ ಸಮೇತ. ಮೈ ಜುಂ ಅಂತು. ತಕ್ಷಣ ಮುಚ್ಚಿ ಅವ್ರನ್ನ ಕರೆದು ತೋರಿಸ್ದೆ. ಅವ್ರು ಗೆಸ್ಟ್ ಸರಿಯಾಗೇ ಆನ್ ಮಾಡಿದ್ರು, ತಪ್ಪು ಅವ್ರದ್ದಲ್ಲ. ಆ ಡಿವೈಸ್ ರೂಟರ್ ಮೋಡಲ್ಲಿ ಇರ್ಲಿಲ್ಲ, ಆಕ್ಸೆಸ್ ಪಾಯಿಂಟ್ ಮೋಡಲ್ಲಿತ್ತು. ಆ ಮೋಡಲ್ಲಿ ಅದು ಬರೀ ಸೇತುವೆ, ಗೆಸ್ಟಿಂದ ಬಂದಿದ್ದನ್ನೂ ಅದೇ ಕೇಬಲಲ್ಲಿ ಅದೇ ನೆಟ್‌ವರ್ಕಿಗೆ ತಳ್ತಾ ಇತ್ತು. ಇಂಥ ಕಡೆ ಗೆಸ್ಟನ್ನ ಬೇರೆ ವಿಲ್ಯಾನಿಗೆ (ಅದೇ ಕೇಬಲ್ ಮೇಲೇ ಬೇರೆಯಾಗಿ ಓಡೋ ನೆಟ್‌ವರ್ಕಿಗೆ) ಹಾಕಿ, ಸ್ವಿಚ್ಚಲ್ಲೂ ರೂಟರಲ್ಲೂ ಆ ವಿಲ್ಯಾನ್ ಮಾಡಿ, ರೂಟರ್ ಫೈರ್‌ವಾಲಲ್ಲಿ ಗೆಸ್ಟಿಂದ ಒಳಗಡೆಗೆ ಬ್ಲಾಕ್ ಹಾಕ್ಬೇಕು. ಅಷ್ಟೆಲ್ಲ ಆಗಲ್ಲ ಅಂದ್ರೆ ಮೇನ್ ರೂಟರಿನ ಗೆಸ್ಟನ್ನೇ ಬಳಸಿ.

ಪರೀಕ್ಷೆ ಎರಡು ನಿಮಿಷದ್ದು. ಫೋನನ್ನ ಗೆಸ್ಟಿಗೆ ಹಾಕಿ, ಬ್ರೌಸರಲ್ಲಿ ರೂಟರಿನ ಅಡ್ರೆಸ್ ಕೊಡಿ, ಆಮೇಲೆ ಆಕ್ಸೆಸ್ ಪಾಯಿಂಟಿನದ್ದು, ಆಮೇಲೆ ಪ್ರಿಂಟರಿನದ್ದು. ಯಾವುದೂ ಓಪನ್ ಆಗ್ಬಾರ್ದು, ಇಂಟರ್ನೆಟ್ ಮಾತ್ರ ಬರ್ಬೇಕು.

ಹೊರಗಿನ ಬಾಗಿಲುಗಳು

ರಿಮೋಟ್ ಮ್ಯಾನೇಜ್‌ಮೆಂಟ್ ಆಫ್. ಟೆಲ್ನೆಟ್ ಆಫ್. ಎಸ್‌ಎಸ್‌ಎಚ್ ಏನು ಅಂತ ಗೊತ್ತಿಲ್ದಿದ್ರೆ ಅದೂ ಆಫ್. ಯುಪಿಎನ್‌ಪಿ ರೂಟರಲ್ಲಿ ಆಫ್ ಮಾಡಿ, ಅದು ಒಳಗಿರೋ ಯಾವ ಡಿವೈಸ್ ಕೇಳಿದ್ರೂ ಪಾಸ್‌ವರ್ಡ್ ಕೇಳ್ದೇ ಹೊರಗಡೆಗೆ ಪೋರ್ಟ್ ತೆಗೆದು ಕೊಡತ್ತೆ. ಯಾವುದಾದ್ರೂ ಗೇಮ್ ಕೆಲಸ ಮಾಡ್ಲಿಲ್ಲ ಅಂದ್ರೆ ಆ ಒಂದು ಪೋರ್ಟನ್ನ ಮಾತ್ರ ಕೈಯಿಂದ ಹಾಕಿ. ಸೆಟ್ಟಿಂಗ್ಸ್ ಪೇಜ್ ಎಚ್‌ಟಿಟಿಪಿಎಸ್ ಅಲ್ಲಿ ಮಾತ್ರ ಓಪನ್ ಆಗೋ ಹಾಗೆ ಮಾಡಿ, ಬ್ರೌಸರ್ ಸರ್ಟಿಫಿಕೇಟ್ ವಾರ್ನಿಂಗ್ ಕೊಡತ್ತೆ, ನಿಮ್ಮದೇ ಡಿವೈಸ್ ಅಂತ ಗ್ಯಾರಂಟಿ ಇದ್ರೆ ಮುಂದೆ ಹೋಗಿ. ಫೋನ್ ಆಪಿಂದ ಕಂಟ್ರೋಲ್ ಮಾಡ್ತೀರ ಅಂದ್ರೆ ಆ ಅಕೌಂಟಿಗೆ ಟೂ ಸ್ಟೆಪ್ ವೆರಿಫಿಕೇಷನ್ ಹಾಕಿ.

ಹೆಸರು ಮುಚ್ಚಿಡೋದು, ಮ್ಯಾಕ್ ಫಿಲ್ಟರ್

ಇವೆರಡಕ್ಕೆ ಜನ ಎಷ್ಟು ಕಷ್ಟ ಪಡ್ತಾರೆ ಅಂದ್ರೆ ನೋಡಿ ಸಂಕಟ ಆಗತ್ತೆ. ಎಸ್‌ಎಸ್‌ಐಡಿ, ಅಂದ್ರೆ ನೆಟ್‌ವರ್ಕ್ ಹೆಸರು, ಹೈಡ್ ಮಾಡಿದ್ರೆ ಲಿಸ್ಟಲ್ಲಿ ಕಾಣಲ್ಲ ನಿಜ, ಆದ್ರೆ ನಿಮ್ಮ ಫೋನ್ ಕನೆಕ್ಟ್ ಆಗುವಾಗ ಹೆಸರನ್ನ ಗಾಳೀಲಿ ಕೂಗಿನೇ ಕೇಳ್ಬೇಕು, ಕಿವಿ ಕೊಟ್ಟೋರಿಗೆ ಸಿಗತ್ತೆ. ಅಷ್ಟೇ ಅಲ್ಲ, ಹೊರಗೆಲ್ಲೋ ಹೋದಾಗ್ಲೂ ಆ ನೆಟ್‌ವರ್ಕ್ ಇದ್ಯಾ ಅಂತ ಫೋನ್ ಹೆಸರಿಡಿದು ಕೇಳ್ತಾ ಹೋಗ್ಬಹುದು. ಮ್ಯಾಕ್ ಫಿಲ್ಟರ್ ಅಂದ್ರೆ ಒಂದೊಂದು ಡಿವೈಸಿನ 12 ಅಕ್ಷರದ ಅಡ್ರೆಸ್ ಬರ್ದು ಇವ್ರನ್ನ ಮಾತ್ರ ಬಿಡು ಅನ್ನೋದು. ಆ ಅಡ್ರೆಸ್ ಪ್ರತಿ ಪ್ಯಾಕೆಟ್ಟಿನ ಮೇಲೂ ಎನ್‌ಕ್ರಿಪ್ಟ್ ಆಗ್ದೇ ಹೋಗತ್ತೆ, ನೋಡಿ ಕಾಪಿ ಮಾಡೋಕೆ ಒಂದು ನಿಮಿಷ. ಮೇಲಾಗಿ ಈಗಿನ ಫೋನ್‌ಗಳು ಒಂದೊಂದು ನೆಟ್‌ವರ್ಕಿಗೆ ಒಂದೊಂದು ಸುಳ್ಳು ಮ್ಯಾಕ್ ಅಡ್ರೆಸ್ ತೋರಿಸ್ತವೆ, ಸೆಟ್ಟಿಂಗ್ ಸ್ವಲ್ಪ ಬದಲಾದ್ರೂ ನಿಮ್ಮೋರೇ ಹೊರಗೆ ನಿಲ್ತಾರೆ. ಆ ಸಮಯನ ಪಾಸ್‌ವರ್ಡಿಗೆ ಕೊಡಿ.

ಆಫೀಸ್ ಆದ್ರೆ

ಹತ್ತಿಪ್ಪತ್ತು ಜನಕ್ಕಿಂತ ಜಾಸ್ತಿ ಇದ್ರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಅನ್ನೋದು ನಡೆಯಲ್ಲ, ಒಬ್ರು ಕೆಲಸ ಬಿಟ್ಟಾಗೆಲ್ಲ ಬದಲಾಯಿಸ್ಬೇಕು, ಯಾರೂ ಬದಲಾಯಿಸಲ್ಲ. ಎಂಟರ್‌ಪ್ರೈಸ್ ಮೋಡ್ ಹಾಕಿ. ಒಬ್ಬೊಬ್ರಿಗೂ ಅವ್ರದ್ದೇ ಲಾಗಿನ್, ಹಿಂದೆ ರೇಡಿಯಸ್ ಸರ್ವರ್ ಪರೀಕ್ಷೆ ಮಾಡತ್ತೆ, ಪೋರ್ಟ್ 1812. ಬಿಟ್ಟು ಹೋದೋರ ಅಕೌಂಟ್ ತೆಗೆದ್ರೆ ಆಯ್ತು. ಒಂದೇ ಎಚ್ಚರಿಕೆ, ಫೋನಲ್ಲಿ ಸೆಟ್ ಮಾಡುವಾಗ ಸರ್ಟಿಫಿಕೇಟ್ ಪರೀಕ್ಷೆ ಮಾಡ್ಬೇಡ ಅನ್ನೋ ಆಪ್ಷನ್ ಆರಿಸ್ಬೇಡಿ. ಹಾಗೆ ಮಾಡಿದ್ರೆ ಅದೇ ಹೆಸರಿಟ್ಟು ಪಕ್ಕದಲ್ಲಿ ಕೂತಿರೋ ನಕಲಿ ಆಕ್ಸೆಸ್ ಪಾಯಿಂಟಿಗೂ ಫೋನ್ ಲಾಗಿನ್ ಕೊಟ್ಬಿಡತ್ತೆ.

ಎಲ್ಲಾ ಆದ್ಮೇಲೆ

ಎಲ್ಲಾ ಡಿವೈಸ್‌ಗಳಲ್ಲೂ ಹಳೇ ನೆಟ್‌ವರ್ಕನ್ನ ಫರ್ಗೆಟ್ ಮಾಡಿ ಹೊಸದಕ್ಕೆ ಸೇರಿಸಿ. ಕನೆಕ್ಟೆಡ್ ಲಿಸ್ಟ್ ತೆಗೆದು ಒಂದೊಂದಕ್ಕೂ ಹೆಸರಿಡಿ, ಅಕ್ಕನ ಫೋನ್, ಹಾಲ್ ಟಿವಿ, ಹೀಗೆ. ಹೆಸರು ಇಲ್ದೇ ಇರೋದು ಕಂಡ್ರೆ ಗಾಬರಿ ಬೇಡ, ಮೊದಲು ಮನೇಲಿರೋ ಫೋನ್‌ಗಳನ್ನ ಒಂದೊಂದಾಗಿ ವೈಫೈ ಆಫ್ ಮಾಡಿ ಯಾವುದು ಮಾಯ ಆಗತ್ತೆ ನೋಡಿ, ಸುಮಾರು ಸಲ ಅದು ಸುಳ್ಳು ಮ್ಯಾಕ್ ತೋರಿಸೋ ನಿಮ್ಮದೇ ಫೋನ್ ಆಗಿರತ್ತೆ. ಎಲ್ಲಾ ಆಫ್ ಮಾಡಿದ್ರೂ ಅದು ಉಳ್ಕೊಂಡಿದ್ರೆ ಪಾಸ್‌ವರ್ಡ್ ಬದಲಾಯಿಸಿ, ಡಬ್ಲ್ಯೂಪಿಎಸ್ ನಿಜವಾಗ್ಲೂ ಆಫ್ ಆಗಿದ್ಯಾ ಇನ್ನೊಂದ್ಸಲ ನೋಡಿ.

ಡಿವೈಸಿನ ಟೈಮ್ ಸರಿ ಇದ್ಯಾ ನೋಡಿ, ತಪ್ಪಿದ್ರೆ ಲಾಗಲ್ಲಿ ಯಾರು ಯಾವಾಗ ಬಂದ್ರು ಅನ್ನೋದೇ ಅರ್ಥ ಆಗಲ್ಲ. ಕೊನೆಗೆ ಬ್ಯಾಕಪ್ ಅಂತಿರೋ ಕಡೆ ಕಾನ್ಫಿಗ್ ಫೈಲ್ ಇಳಿಸಿ ಎನ್‌ಕ್ರಿಪ್ಟ್ ಆಗಿರೋ ಜಾಗದಲ್ಲಿಡಿ, ಅದರೊಳಗೆ ಪಾಸ್‌ವರ್ಡ್‌ಗಳು ಹಾಗೇ ಇರ್ಬಹುದು, ಮೇಲ್ ಮಾಡ್ಬೇಡಿ, ವಾಟ್ಸ್ಆಪಲ್ಲಿ ಹಾಕ್ಬೇಡಿ. ಯಾವತ್ತಾದ್ರೂ ಅಡ್ಮಿನ್ ಪಾಸ್‌ವರ್ಡ್ ಕಳ್ಕೊಂಡು ರೀಸೆಟ್ ಮಾಡ್ಬೇಕಾಗಿ ಬಂದ್ರೆ, ಇಂಟರ್ನೆಟ್ ಕೇಬಲ್ ಕಿತ್ತು ಪಕ್ಕಕ್ಕಿಟ್ಟು ರೀಸೆಟ್ ಮಾಡಿ, ಹೊಸ ಅಡ್ಮಿನ್ ಪಾಸ್‌ವರ್ಡ್ ಹಾಕಿ, ಆ ಫೈಲನ್ನ ರಿಸ್ಟೋರ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಫೈಲಿನ ಜೊತೆ ಹಳೇದಕ್ಕೆ ಹೋಗಿದ್ಯಾ ನೋಡಿ, ಆಮೇಲೇ ಕೇಬಲ್ ವಾಪಸ್ ಹಾಕಿ.